ಅದು ಗದ್ದಲ ಅಲ್ಲ

ಪಿ.ಜೆ. ಬಡಾವಣೆ, ಔಷಧಿ ಅಂಗಡಿಯ ಮೇಲೆ,
ಮೆಟ್ಟಿಲು ಹದಿನೇಳು.
ಕಿವಿ ಮಂದವಾದ ಮೇಲೆ
ಎಣಿಸುವುದೊಂದು ಚಟ ನನಗೆ.

ಗಾಜಿನ ಗೂಡೊಳಗೆ ಕೂರಿಸಿ ಆ ಹುಡುಗಿ, ಶಿವಲೀಲಾ,
ಕೇಳಿದ್ದನ್ನು ಹೇಳಿ ಅಂದಳು.
ಬಳೆ, ಅಂದಿತು ಪೆಟ್ಟಿಗೆ. ಮಳೆ, ಅಂದೆ.
ಸೇರು, ಅಂದಿತು. ಏರು, ಅಂದೆ.
ನಗಲಿಲ್ಲ ಅವಳು. ಬರೆದುಕೊಂಡಳು.
ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ,
ಎರಡರಲ್ಲೂ ಮೊದಲು ಸತ್ತದ್ದು ಸಕಾರವೇ.

ಆಮೇಲೆ ಬಳೆಗಾರ ಮಲಾರ ಬಿಚ್ಚಿದ ಹಾಗೆ
ಮೇಜಿನ ಮೇಲೆ ಒಂದೊಂದೇ ಇಟ್ಟಳು.

ಒಂದು, ಅಲಸಂದೆ ಕಾಳಿನಷ್ಟು.
ಕಿವಿಯೊಳಗೇ ಕೂರುತ್ತದೆ, ಯಾರಿಗೂ ಕಾಣುವುದಿಲ್ಲ.
ಇದೇ ಇರಲಿ ಭಾಬಿ, ಅಂದಳು ನನ್ನ ಓರಗಿತ್ತಿ ಜೈತೂನ್.
ಯಾರಿಗೂ ಕಾಣದ್ದು ಬಿದ್ದರೆ
ನನಗೆ ಮಾತ್ರ ಕಾಣುತ್ತದೆಯೆ?
ಇಪ್ಪತ್ತಾರು ವರ್ಷ ಕಾದ ಮರಳು ತಿಕ್ಕಿದ ಬೆರಳಿಗೆ
ಅದರ ಸೆಲ್ಲಿನ ಬಾಗಿಲೇ ಸಿಗಲಿಲ್ಲ.

ಇನ್ನೊಂದು, ಕಿವಿಯ ಹಿಂದೆ ಬಾಗಿ ಕೂರುವುದು,
ಗೋಡಂಬಿಯ ಹಾಗೆ, ಬೆಲೆಯೂ ಹಾಗೆ.
ಫೋನಿಗೆ ತಾನೇ ಜೋಡಿಕೊಳ್ಳುತ್ತದಂತೆ.
ನನ್ನ ಫೋನು ಗುಂಡಿಯದು.

ಅಮ್ಮ, ನಿಮ್ಮ ದಿನ ಹೇಗೆ ಕಳೆಯುತ್ತದೆ?
ಕೇಳಿದಳು ಶಿವಲೀಲಾ.
ಮಂದಿ ನನ್ನ ರೇಟು ಕೇಳುತ್ತಾರೆ, ದಿನವನ್ನಲ್ಲ.
ಹೇಳಿದೆ: ನಸುಕಿನ ನಾಲ್ಕಕ್ಕೆ ಭಟ್ಟಿ ಹೊತ್ತಬೇಕು.
ಉಪ್ಪುನೀರುಂಡ ಅಕ್ಕಿ ಮರಳಿಗೆ ಬಿದ್ದಾಗ
ಮೊದಲು ಒಂಟಿ ಕಾಳು, ಚಟ್.
ಆಮೇಲೆ ನಾಲ್ಕು. ಆಮೇಲೆ ಎಲ್ಲ ಸೇರಿ ಒಂದೇ ಸುರಿ.
ಸುರಿ ತೆಳುವಾಗುವ ಗಳಿಗೆಗೆ
ಜರಡಿಗೆ ಎತ್ತಬೇಕು. ಒಂದು ಉಸಿರು ತಡವಾದರೆ ಕರಿ.
ಹೊಗೆಯಲ್ಲಿ ಕಣ್ಣು ಕೆಲಸಕ್ಕೆ ಬಾರದು, ಕಿವಿಯದೇ ಕೂಲಿ.
ಈಗ ಎರಡು ವರ್ಷ, ಮೈದುನನ ಮಗ ಪಕ್ಕದಲ್ಲಿ ನಿಂತು
ಕೈ ಬೀಸುತ್ತಾನೆ. ಅವನಿಗೆ ಆಕಳಿಕೆ ಜಾಸ್ತಿ.

ಎಂಟು ದಿನ ಹಾಕಿ ನೋಡಿ, ದುಡ್ಡು ಆಮೇಲೆ.
ಗೋಡಂಬಿ ತಂದೆ.

ಮೊದಲ ದಿನ ನನ್ನ ಬಳೆಗೇ ಬೆಚ್ಚಿದೆ.
ತವೆಯ ಮೇಲೆ ಎಣ್ಣೆ ಮಾತಾಡಿತು.
ಜೈತೂನ್ ಗೋಡೆ ಕಡೆ ತಿರುಗಿ ಗೊಣಗಿದ್ದೂ ಕೇಳಿತು,
ಕೇಳದ ಹಾಗೇ ಇದ್ದೆ; ಅದು ನನಗೆ ರೂಢಿ.
ಭಟ್ಟಿಗೆ ಹೋದರೆ
ಮೌನ.
ಮರಳು ಕುದಿಯುತ್ತಿದೆ, ಅಕ್ಕಿ ಕುಣಿಯುತ್ತಿದೆ,
ಹತ್ತಿ ತುರುಕಿದಂತೆ ಕಿವಿ.
ಎರಡು ಬಾಣಲೆ ಸುಟ್ಟವು.

ಜಾಣ ಯಂತ್ರ ಅದು, ಅಂದಳು ಶಿವಲೀಲಾ,
ಗದ್ದಲವನ್ನು ತಾನೇ ಗುರುತಿಸಿ ಅಡಗಿಸುತ್ತದೆ.
ಅದು ಗದ್ದಲ ಅಲ್ಲ ತಾಯಿ, ಅಂದೆ,
ಅದು ಅಕ್ಕಿ.

ಭಾನುವಾರ ಬಂದೇ ಬಿಟ್ಟಳು,
ಮೂಗಿಗೆ ವೇಲು, ಕಂಕುಳಲ್ಲಿ ಲ್ಯಾಪ್‌ಟಾಪು,
ಹೊಟ್ಟಿನ ಹೊಗೆಗೆ ಕೆಮ್ಮುತ್ತ.
ಯಾವಾಗ? ಕೇಳಿದಳು. ಬೆರಳೆತ್ತಿದೆ: ಈಗ.
ಮುಂದಿನ ಬಾಣಲೆ: ಈಗ.
ಅವಳಿಗೆ ವ್ಯತ್ಯಾಸವೇ ತಿಳಿಯಲಿಲ್ಲ,
ಇಪ್ಪತ್ತೈದರ ಕಿವಿ!
ಆ ಹೊತ್ತಿಗೆ ನಾನು ಕಿವುಡಿ ಅಲ್ಲ ಅನ್ನಿಸಿತು,
ಅನ್ನಿಸಿದ್ದು ಇಲ್ಲಿ ಬರೆಸಿದ್ದೇನೆ, ಅಷ್ಟೇ.

ಕೊನೆಗೆ ಒಪ್ಪಿದ್ದು ನಡುವಿನದು.
ಕಿವಿಯ ಹಿಂದೆಯೇ, ಡೊಳ್ಳುಹೊಟ್ಟೆಯದು,
ಬೆರಳಿಗೆ ಸಿಗುವ ಗುಂಡಿ:
ಒಮ್ಮೆ ಒತ್ತಿದರೆ ಮನೆ, ಎರಡು ಸಲ ಒತ್ತಿದರೆ ಭಟ್ಟಿ.
ಮೈಬಣ್ಣದ್ದು ಕೊಡಲೇ ಅಂದಳು.
ಬೇಡ, ಕೆಂಪು ಕೊಡು; ಬಿದ್ದರೆ ಹೊಟ್ಟಿನಲ್ಲಿ ಹುಡುಕಬೇಕು.
ಬೆವರಿಗೆ ವೆಲ್ವೆಟ್ ಚೂರಿನ ಕವಚ ನಾನೇ ಹೊಲಿದೆ.
ಮಾತು ಪೂರ್ತಿ ತಿಳಿಯುವುದಿಲ್ಲ ಇನ್ನೂ.
ಮೂರು ಸೇರು ಅಂದವರಿಗೆ ಬೆರಳು ತೋರಿಸಿ ಅನ್ನುತ್ತೇನೆ.

ರಾತ್ರಿ ತೆಗೆದು ಅತ್ತರಿನ ಹಳೆ ಡಬ್ಬಿಯಲ್ಲಿಡುತ್ತೇನೆ,
ಜೊತೆಗೆ ಒಂದು ಹಿಡಿ ಗರಿಗರಿ ಮಂಡಕ್ಕಿ.
ಬೆಳಿಗ್ಗೆ ಅದು ಮೆತ್ತಗಾಗಿದ್ದರೆ
ಯಂತ್ರದ ಪಸೆ ಅದಕ್ಕೆ ಹೋಯಿತು ಅಂತ ಲೆಕ್ಕ.
ಕೋಳಿಗೆ ಚೆಲ್ಲುತ್ತೇನೆ.
ಕೊಕ್ಕು ನೆಲಕ್ಕೆ ತಾಗುವ ಸದ್ದು,
ಎಣಿಸುತ್ತೇನೆ.